ಸೆಕೆಂಡ್ ಹ್ಯಾಂಡ್ ಕಾರ್ಬನ್ ಮೌಂಟನ್ ಬೈಕ್ ತಗೋತೀರಾ? ಮೊದಲು ಫ್ರೇಮ್ ಮೇಲಿನ ಫಿಲ್ಮ್ ಕಿತ್ತು ನೋಡಿ

ಹಳೇ ಫುಲ್ ಸಸ್ಪೆನ್ಷನ್ ಬೈಕ್, ಅಂದರೆ ಮುಂದೆ ಹಿಂದೆ ಎರಡೂ ಕಡೆ ಶಾಕ್ ಇರುವ ಗುಡ್ಡಗಾಡಿನ ಸೈಕಲ್, ಕೊಳ್ಳುವ ಯೋಚನೆಯಲ್ಲಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಾರ್ಬನ್ ನಾರಿನಿಂದ ಮಾಡಿದ ಫ್ರೇಮ್ ಆಗಿದ್ದರೆ ಎರಡು ಸಲ ಓದಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಬರಹ ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ.

ನಾನು ಕೊಂಡ ಹಳೇ ಬೈಕಿನ ಜಾಹೀರಾತಿನಲ್ಲಿ ಇದ್ದದ್ದು ಇಷ್ಟು: 29 ಇಂಚಿನ ಚಕ್ರ, 12 ಸ್ಪೀಡ್, ಕಾರ್ಬನ್ ಫ್ರೇಮ್. "ಒಂದು ಸಲವೂ ಬಿದ್ದಿಲ್ಲ. ಫೋರ್ಕ್ ಈಗಷ್ಟೇ ಸರ್ವಿಸ್ ಆಗಿದೆ. ಫ್ರೇಮಿಗೆ ಲೈಫ್‌ಟೈಮ್ ವಾರಂಟಿ ಇದೆ." (ಫೋರ್ಕ್ ಅಂದರೆ ಮುಂದಿನ ಚಕ್ರ ಹಿಡಿದಿರುವ ಶಾಕ್.) ಫೋಟೊಗಳು ಬೇಕಾದಷ್ಟು. ಎಲ್ಲವೂ ಚೈನ್ ಇರುವ ಬಲಗಡೆಯಿಂದಲೇ ತೆಗೆದವು. ಬೈಕ್ ಫೋಟೊ ಎಲ್ಲರೂ ಹಾಗೇ ತೆಗೆಯೋದು, ಅಲ್ವಾ? ಅದರಲ್ಲಿ ಯಾರಿಗೆ ಅನುಮಾನ ಬರುತ್ತೆ?

ಮಾರುವವನ ಮಾತಿನ ಬಗ್ಗೆಯಂತೂ ಕೇಳಲೇಬೇಡಿ. "ಬ್ರೋ, ನಿಮ್ಮಂಥ ರೈಡರ್ ಕೈಗೆ ಹೋದ್ರೆ ನಂಗೂ ಖುಷಿ. ಸುಮ್ನೆ ಯಾರಿಗೋ ಕೊಡೋಕೆ ಮನಸ್ಸಿಲ್ಲ ಬ್ರೋ." ಪ್ರತಿ ಸಾಲಿಗೂ ಒಂದು ಬ್ರೋ. ನೋಡೋಕೆ ಹೋದಾಗ ಬೈಕ್ ಫಳಫಳ ಹೊಳೆಯುತ್ತಿತ್ತು. ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಹೊಡೆದೆ, ಗೇರ್ ಚೆನ್ನಾಗಿ ಬೀಳುತ್ತಿತ್ತು, ಬ್ರೇಕ್ ಗಟ್ಟಿಯಾಗಿತ್ತು. ದುಡ್ಡು ಕೊಟ್ಟು ತಂದೆ.

ಮೊದಲ ಏರಿನಲ್ಲೇ ಶುರುವಾಯಿತು. ಪೆಡಲ್ ಮೇಲೆ ಭಾರ ಬಿದ್ದಾಗಲೆಲ್ಲ ಕಿರ್ರ್ ಅಂತ ಸದ್ದು. ಜೊತೆಗಿದ್ದವರೆಲ್ಲ ನಗಲು ಶುರುಮಾಡಿದರು. "ಏನಪ್ಪಾ, ಹಳೇ ಬಾಗಿಲು ತಳ್ಕೊಂಡು ಬರ್ತಿದೀಯಾ?" ಹೊಸ ಬೈಕ್ ತೋರಿಸೋಕೆ ಅಂತಲೇ ಹೋಗಿದ್ದೆ. ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ.

ಮಾರಿದವನಿಗೆ ಮೆಸೇಜ್ ಹಾಕಿದೆ. ಉತ್ತರ: "ಎಲ್ಲ ಫುಲ್ ಸಸ್ಪೆನ್ಷನ್ನೂ ಸದ್ದು ಮಾಡುತ್ತೆ ಬ್ರೋ. ಪಿವೋಟ್ ಟೈಟ್ ಮಾಡಿ."

ಸರಿ, ಪಿವೋಟ್ ಬೋಲ್ಟ್‌ಗಳನ್ನೆಲ್ಲ, ಅಂದರೆ ಹಿಂದಿನ ಸಸ್ಪೆನ್ಷನ್ ಕೀಲುಗಳ ಬೋಲ್ಟ್‌ಗಳನ್ನೆಲ್ಲ, ಟಾರ್ಕ್ ರೆಂಚ್ ಹಿಡಿದು ಬಿಗಿ ಮಾಡಿದೆ. ಸೀಟ್ ಪೋಸ್ಟ್ ತೆಗೆದು ಒರೆಸಿ ಕಾರ್ಬನ್ ಪೇಸ್ಟ್ ಹಚ್ಚಿದೆ. ಪೆಡಲ್ ಬಿಚ್ಚಿ ಗ್ರೀಸ್ ಹಾಕಿದೆ. ಬಾಟಮ್ ಬ್ರಾಕೆಟ್ (ಪೆಡಲ್ ತೋಳುಗಳು ತಿರುಗುವ ಬೇರಿಂಗ್ ಭಾಗ) ಬಿಚ್ಚಿ ಹಾಕಿಸಿದೆ. ಸದ್ದು ಹೋಗಲಿಲ್ಲ. ಮೆಕ್ಯಾನಿಕ್ ಬೈಕನ್ನು ಸ್ಟ್ಯಾಂಡಿಗೆ ಏರಿಸಿ, ಎಡಗಡೆ ತಿರುಗಿಸಿ, ಡೌನ್ ಟ್ಯೂಬ್ (ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆ) ಕೆಳಭಾಗವನ್ನು ಸುಮಾರು ಹೊತ್ತು ನೋಡಿದರು. ಆಮೇಲೆ ಕೇಳಿದರು: "ಸರ್, ಈ ಫಿಲ್ಮ್ ನೀವು ಹಾಕಿಸಿದ್ದಾ?"

ಫಿಲ್ಮ್ ಅಂದರೆ ಗೀರು ಬೀಳದಿರಲಿ ಅಂತ ಫ್ರೇಮಿಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆ. ಇಲ್ಲ, ನಾನು ಹಾಕಿಸಿರಲಿಲ್ಲ. ಫ್ರೇಮಿನ ಬೇರೆ ಕಡೆಯ ಫಿಲ್ಮ್ ಎಲ್ಲ ಹಳದಿ ತಿರುಗಿತ್ತು, ಅಂಚಿನಲ್ಲಿ ಮಣ್ಣು ಕೂತು ಕಪ್ಪಾಗಿತ್ತು. ಬಾಟಮ್ ಬ್ರಾಕೆಟ್‌ಗಿಂತ ಸ್ವಲ್ಪ ಮೇಲಿದ್ದ ಆ ಒಂದು ಅಂಗೈ ಅಗಲದ ತುಂಡು ಮಾತ್ರ ಹೊಚ್ಚ ಹೊಸದು. ದಪ್ಪದ್ದು, ಮ್ಯಾಟ್ ಕಪ್ಪು. ಅದರ ಮೇಲೊಂದು ಸ್ಟಿಕ್ಕರ್ ಬೇರೆ. ಮೆಕ್ಯಾನಿಕ್ ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ, ಉಗುರಿನಿಂದ ಒಂದು ಮೂಲೆ ಎಬ್ಬಿಸಿ ನಿಧಾನಕ್ಕೆ ಕಿತ್ತರು. ಫಿಲ್ಮ್ ಜೊತೆ ಬಣ್ಣವೂ ಬಂತು. ಬಣ್ಣದ ಹಿಂದೆ ಪುಟ್ಟಿ ಪುಡಿಪುಡಿಯಾಗಿ ಉದುರಿತು. ಪುಟ್ಟಿ ಕೆಳಗೆ ಬಿರುಕು. ಟ್ಯೂಬಿಗೆ ಅಡ್ಡಲಾಗಿ, ನಾರು ಎದ್ದು ನಿಂತ ಬಿರುಕು!

ನಾಣ್ಯದಿಂದ ತಟ್ಟಿ ತೋರಿಸಿದರು. ಚೆನ್ನಾಗಿರುವ ಕಡೆ ಟಕ್ ಟಕ್ ಅಂತ ಗಡುಸು ಸದ್ದು. ಬಿರುಕಿನ ಸುತ್ತ ಡಬ್ ಡಬ್. ನಾನು ಅದೇ ಬೈಕಿನಲ್ಲಿ ಕಲ್ಲಿನ ಇಳಿಜಾರು ಇಳಿದಿದ್ದೆ. ಅಲ್ಯುಮಿನಿಯಂ ಆದರೆ ಪೆಟ್ಟು ಬಿದ್ದಲ್ಲಿ ತಗ್ಗಾಗುತ್ತೆ, ಕಣ್ಣಿಗೆ ಕಾಣುತ್ತೆ. ಕಾರ್ಬನ್ ಒಳಗೊಳಗೇ ಪದರ ಬಿಟ್ಟುಕೊಂಡು, ಒಂದಿನ ಭಾರ ಬಿದ್ದಾಗ ಏನೂ ಸುಳಿವು ಕೊಡದೆ ಮುರಿಯಬಹುದು. ಅದು ಅವನಿಗೆ ಗೊತ್ತಿರಲಿಲ್ಲವಾ? ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದು, ಫಿಲ್ಮ್ ಅಂಟಿಸಿ, ಮೇಲೆ ಸ್ಟಿಕ್ಕರ್ ಹಾಕುವಷ್ಟು ಗೊತ್ತಿತ್ತು!

ಫೋಟೊ ಕಳಿಸಿದೆ. ಬಂದ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"ಅದು ಪೇಂಟ್ ಗೆರೆ ಅಷ್ಟೇ ಸರ್."

ಗಮನಿಸಿದಿರಾ? ಬ್ರೋ ಹೋಗಿ ಸರ್ ಆಯಿತು.

ನಾರು ಎದ್ದಿರುವುದು ಕಾಣುವಂತೆ ಹತ್ತಿರದಿಂದ ತೆಗೆದು ಕಳಿಸಿದೆ. "ನೀವು ಓಡಿಸಿ ನೋಡಿಯೇ ತಗೊಂಡಿದ್ದಲ್ವಾ ಸರ್? ನಮ್ಮ ಹತ್ರ ಇದ್ದಾಗ ಏನೂ ಇರ್ಲಿಲ್ಲ." ಹಾಗಾದರೆ ಪುಟ್ಟಿ ಯಾಕೆ ಹಾಕಿದ್ರಿ ಅಂದೆ. "ಫ್ರೇಮ್ ಸೇಫ್ಟಿಗೆ ಹಾಕಿದ್ದು." ಸೇಫ್ಟಿಗೆ ಪುಟ್ಟಿ! "ನೀವು ಜಂಪ್ ಎಲ್ಲ ಹೊಡೆದ್ರೆ ನಾವೇನ್ ಮಾಡೋಕಾಗುತ್ತೆ." ವಾರಂಟಿ ಕೇಳಿದ್ದಕ್ಕೆ, "ಕಂಪನಿಗೆ ಕೇಳ್ಕೊಳ್ಳಿ."

ಕೇಳಿದೆ. ಲೈಫ್‌ಟೈಮ್ ವಾರಂಟಿ ಬೈಕನ್ನು ಹೊಸದಾಗಿ ಕೊಂಡ ಮೊದಲ ಮಾಲೀಕನಿಗೆ ಮಾತ್ರ. ಬಹಳಷ್ಟು ಕಂಪನಿಗಳದ್ದು ಇದೇ ನಿಯಮ. ಬಿದ್ದು ಒಡೆದದ್ದಕ್ಕಂತೂ ವಾರಂಟಿಯೇ ಇರಲ್ಲ. ಅಂದರೆ ನನಗೆ ಮಾರಿದ ಗಳಿಗೆಗೇ ಆ ವಾರಂಟಿ ಸತ್ತಿತ್ತು. ಆದರೂ ಜಾಹೀರಾತಿನಲ್ಲಿ ದೊಡ್ಡದಾಗಿ ಬರೆದಿದ್ದ.

ಇನ್ನು "ಈಗಷ್ಟೇ ಸರ್ವಿಸ್ ಆದ" ಫೋರ್ಕ್. ಹೇಗೂ ಬಿಚ್ಚಿದ್ದಾಯ್ತು ಅಂತ ಅದನ್ನೂ ತೆರೆಸಿದೆ. ಲೋವರ್‌ಗಳಲ್ಲಿ, ಅಂದರೆ ಫೋರ್ಕಿನ ಕೆಳಗಿನ ಕಾಲುಗಳಲ್ಲಿ, ಎಣ್ಣೆ ಅಂತ ಉಳಿದದ್ದು ಒಂದಿಷ್ಟು ಕಪ್ಪು ಜಿಡ್ಡು. ಎಣ್ಣೆ ಹಿಡಿದಿಡುವ ಫೋಮ್ ರಿಂಗ್ ಒಣಗಿ ಬಿರುಸಾಗಿತ್ತು. ಫೋರ್ಕ್ ತಯಾರಿಸುವ ರಾಕ್‌ಶಾಕ್ಸ್‌ನವರು ತಮ್ಮ ಹಲವು ಫೋರ್ಕ್‌ಗಳಿಗೆ 50 ಗಂಟೆ ಓಡಿಸಿದ ಮೇಲೆ ಲೋವರ್ ಸರ್ವಿಸ್, 200 ಗಂಟೆಗೆ ಪೂರ್ತಿ ಸರ್ವಿಸ್ ಮಾಡಿಸಿ ಅನ್ನುತ್ತಾರೆ. ಫಾಕ್ಸ್‌ನವರು 125 ಗಂಟೆ ಅಥವಾ ವರ್ಷಕ್ಕೊಮ್ಮೆ ಅನ್ನುತ್ತಾರೆ. ಇವನು ಮಾಡಿಸಿದ ಸರ್ವಿಸ್ ಬಹುಶಃ ಹೊರಗಿನಿಂದ ಬಟ್ಟೆಯಲ್ಲಿ ಒರೆಸಿದ್ದು.

ಕಾರ್ಬನ್ ರಿಪೇರಿ ಆಗೋದೇ ಇಲ್ಲ ಅಂತಲ್ಲ. ಗೊತ್ತಿರುವವರು ಕೆಟ್ಟ ಪದರ ಉಜ್ಜಿ ತೆಗೆದು, ಹೊಸ ನಾರಿನ ಹಾಳೆಗಳನ್ನು ರೆಸಿನ್ ಹಾಕಿ ಕೂರಿಸಿ, ಒಣಗಿಸಿ ಕೊಡುತ್ತಾರೆ. ಅಂಥ ಫ್ರೇಮನ್ನು ಹೇಳಿ ಮಾರಿದರೆ, ರಿಪೇರಿ ಬಿಲ್ ತೋರಿಸಿದರೆ, ಬೆಲೆ ಇಳಿಸಿ ತಗೊಳ್ಳೋರು ಇದ್ದಾರೆ. ಮುಚ್ಚಿಟ್ಟು ಮಾರೋದೇ ಮೋಸ.

ನೀವು ನೋಡಬೇಕಾದ್ದು ಇಷ್ಟೇ. ಎಡಗಡೆ ಫೋಟೊ ಕೇಳಿ, ಬೈಕ್ ತಲೆಕೆಳಗು ಮಾಡಿಸಿ ಬಾಟಮ್ ಬ್ರಾಕೆಟ್ ಸುತ್ತಲಿನ ಫೋಟೊ ಕೇಳಿ. ಒಂದೇ ಜಾಗದಲ್ಲಿ ಹೊಸ ಫಿಲ್ಮ್ ಇದ್ದರೆ ಕೀಳಿಸಿ. ಕೀಳಲ್ಲ ಅಂದರೆ ಎದ್ದು ಬನ್ನಿ. ಸಮತಟ್ಟು ರಸ್ತೆ ಸಾಲದು, ಏರಿನಲ್ಲಿ ನಿಂತು ತುಳಿಯಿರಿ. ಫೋರ್ಕ್ ಸರ್ವಿಸ್ ಬಿಲ್ ಇಲ್ಲದಿದ್ದರೆ ಸರ್ವಿಸ್ ಆಗಿಲ್ಲ ಅಂತಲೇ ಲೆಕ್ಕ. ಹಳೇ ಹೆಲ್ಮೆಟ್ ಮಾತ್ರ ಯಾರು ಎಷ್ಟು ಬ್ರೋ ಅಂದರೂ ತಗೋಬೇಡಿ.

ಅರ್ಧ ದುಡ್ಡಾದರೂ ವಾಪಸ್ ಕೊಡಿ ಅಂತ ಕೊನೆಗೊಂದು ಮೆಸೇಜ್ ಹಾಕಿದ್ದೆ. ಅದಕ್ಕೆ ಬಂದ ಉತ್ತರ: "ಸರ್, ತಲೆ ಕೆಡಿಸ್ಕೋಬೇಡಿ. ಮತ್ತೆ ಫಿಲ್ಮ್ ಹಾಕಿ ಮಾರ್ಬಿಡಿ, ಯಾರೂ ನೋಡಲ್ಲ." ಅದಾದ ಮೇಲೆ ನನ್ನನ್ನು ಬ್ಲಾಕ್ ಮಾಡಿದ್ದಾನೆ. ಆ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ, ದೂರಿನ ಜೊತೆ ಅದೂ ಹೋಗುತ್ತದೆ. ಫ್ರೇಮ್ ಮಾತ್ರ ನನ್ನಿಂದ ಇನ್ನೊಬ್ಬರ ಕೈಗೆ ಹೋಗಲ್ಲ.