ಹೊಲಿಗೆ ಗಟ್ಟಿ, ಪುಟ ಮಾತ್ರ ಹಿಂದೆ ಮುಂದೆ

ಹಾಸನದ ಒಂದು ಬೈಂಡಿಂಗ್ ಅಂಗಡಿಗೆ ಅಪ್ಪನ ಪುಸ್ತಕ ಕೊಟ್ಟಿದ್ದೆ. ಅಂಗಡಿ ಹೆಸರು ಹಾಕುವುದಿಲ್ಲ, ಪಾಪ, ಒಳ್ಳೆಯ ಮನುಷ್ಯ. ಕ್ರುಸೇಡ್ ಯುದ್ಧಗಳ ಬಗ್ಗೆ, ಅಂದರೆ ಜೆರುಸಲೇಮಿಗಾಗಿ ಯುರೋಪಿನ ಕ್ರೈಸ್ತರು ಮಾಡಿದ ಧರ್ಮಯುದ್ಧಗಳ ಬಗ್ಗೆ, ಇಂಗ್ಲಿಷಿನ ದಪ್ಪ ಚರಿತ್ರೆ ಅದು. ಅಪ್ಪ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದರು. ನಮ್ಮ ಸಕಲೇಶಪುರದ ಮಳೆಗೆ ರಟ್ಟೆಲ್ಲ ಬೂಷ್ಟು ಹಿಡಿದು, ಬೆನ್ನು ಕಳಚಿಕೊಂಡಿತ್ತು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಹೊಲಿಗೆ ಬಲು ಗಟ್ಟಿ. ಮೇಜಿನ ಮೇಲೆ ಬಿಚ್ಚಿಟ್ಟರೆ ಪುಸ್ತಕ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಹುಳ ಬರಬಾರದು ಅಂತ ಮೈದಾ ಅಂಟಿಗೆ ಮೈಲುತುತ್ತ ಹಾಕುತ್ತಾರೆ. ನಾವು ಕಾಫಿ ಗಿಡಕ್ಕೆ ಬೋರ್ಡೋ ಔಷಧಿ ಹೊಡೆಯಲು ತರುತ್ತೇವಲ್ಲ, ಅದೇ ಮೈಲುತುತ್ತ! 280 ರೂಪಾಯಿ ಜಾಸ್ತಿ ಅಲ್ಲ. ಎರಡು ವಾರ ಅಂದವರು ಐದು ವಾರ ಮಾಡಿದರು. ಅದು ಇದ್ದಿದ್ದೇ ಬಿಡಿ.

ಮನೆಗೆ ಬಂದು ಓದಲು ಕೂತೆ. 1187ರಲ್ಲಿ ಮುಸ್ಲಿಂ ಸುಲ್ತಾನ ಸಲಾದಿನ್ ಕ್ರೈಸ್ತರ ಕೈಯಲ್ಲಿದ್ದ ಜೆರುಸಲೇಮ್ ಹಿಡಿದ. ಅದನ್ನು ವಾಪಸ್ ಪಡೆಯಲು ಹೊರಟ ಜರ್ಮನ್ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ 1190ರಲ್ಲಿ ದಾರಿಯಲ್ಲೇ ಹೊಳೆಯಲ್ಲಿ ಮುಳುಗಿ ಸತ್ತ. 1192ರಲ್ಲಿ ಇಂಗ್ಲೆಂಡಿನ ರಾಜ ರಿಚರ್ಡ್ ಸಲಾದಿನ್ ಜೊತೆ ರಾಜಿ ಮಾಡಿಕೊಂಡು ವಾಪಸ್ ಹೊರಟ. ಹಾಳೆ ತಿರುಗಿಸಿದರೆ ಏಕ್‌ದಂ 1204! ಕ್ರುಸೇಡಿನವರು ಈಗ ಇಸ್ತಾಂಬುಲ್ ಅನ್ನುವ ಕಾನ್‌ಸ್ಟಾಂಟಿನೋಪಲ್ ಲೂಟಿ ಮಾಡುತ್ತಿದ್ದಾರೆ. ಅದು ಕ್ರೈಸ್ತರದೇ ರಾಜಧಾನಿ ಅಲ್ವಾ, ಅಲ್ಲಿಗೆ ಯಾಕೆ ಹೋದರು? ತಲೆಬುಡ ತಿಳಿಯಲಿಲ್ಲ. ಪುಟದ ನಂಬರ್ ನೋಡಿದೆ. ಒಂದು ಫಾರಂ, ಅಂದರೆ ಹದಿನಾರು ಪುಟ, ಮುಂದಿನದರ ಹಿಂದೆ ಸೇರಿಕೊಂಡಿತ್ತು.

ಗುಟ್ಟೆಲ್ಲ ಆ ಹದಿನಾರು ಪುಟದಲ್ಲೇ ಇತ್ತು. 1201ರಲ್ಲಿ ಕ್ರುಸೇಡಿನವರು ಇಟಲಿಯ ವೆನಿಸ್‌ನವರಿಗೆ 33,500 ಜನಕ್ಕೆ ಹಡಗು ಹೇಳಿದರು. 85,000 ಬೆಳ್ಳಿ ಮಾರ್ಕ್‌ಗೆ ಮಾತಾಯಿತು. ಮರುವರ್ಷ ಬಂದವರು ಸುಮಾರು ಮೂರನೇ ಒಂದು ಪಾಲು. ಹಡಗು ರೆಡಿ, ದುಡ್ಡಿಲ್ಲ. ಆರುನೂರು ಎಲೆ ಹೇಳಿ ಇನ್ನೂರು ಜನ ಬಂದ ಮದುವೆ ಹಾಗೆ. ಅಡುಗೆಯವರು ಸುಮ್ನೆ ಬಿಡುತ್ತಾರಾ? ಬಾಕಿ ಆಮೇಲೆ ಕೊಡಿ, ಮೊದಲು ಜಾರಾ ಪಟ್ಟಣ ಹಿಡಿದುಕೊಡಿ ಅಂದರು ವೆನಿಸ್‌ನವರು. ಅದೂ ಕ್ರೈಸ್ತರ ಊರೇ. ಪೋಪ್ ಮೂರನೇ ಇನ್ನೊಸೆಂಟ್ ಬೇಡ ಅಂದರೂ ಕೇಳದೆ 1202ರ ನವೆಂಬರಿನಲ್ಲಿ ಹಿಡಿದೇಬಿಟ್ಟರು. ಆಮೇಲೆ ಕಾನ್‌ಸ್ಟಾಂಟಿನೋಪಲ್‌ನ ರಾಜಕುಮಾರ ಅಲೆಕ್ಸಿಯೋಸ್, ನಮ್ಮಪ್ಪನಿಗೆ ಸಿಂಹಾಸನ ವಾಪಸ್ ಕೊಡಿಸಿ, 2,00,000 ಮಾರ್ಕ್ ಕೊಡುತ್ತೇನೆ ಅಂದ. ಕೊಡಿಸಿದರು. ಅವನ ಕೈಯಲ್ಲಿ ಪೂರ್ತಿ ಕೊಡಲು ಆಗಲಿಲ್ಲ. ಆ ಜಗಳವೇ ಕೊನೆಗೆ 1204ರ ಲೂಟಿಗೆ ಬಂತು.

ಈ ಪುಟದ ಅಂಚಿನಲ್ಲಿ ಅಪ್ಪ ಪೆನ್ಸಿಲಿನಲ್ಲಿ ಬರೆದಿದ್ದಾರೆ: "ಮೊದಲು ದುಡ್ಡಿನ ಲೆಕ್ಕ ನೋ". ಕೊನೆಯ "ಡು" ಕಟಿಂಗ್ ಮೆಷಿನ್ ಪಾಲಾಗಿದೆ.

ನನ್ನ ತಕರಾರು ಇದೇ. ತಪ್ಪಿದ ಫಾರಂ ಬಿಚ್ಚಿ, ಪುಕ್ಕಟೆ ಮತ್ತೆ ಹೊಲಿದುಕೊಟ್ಟರು. ಹೋದ ಅಂಚು ಎಲ್ಲಿಂದ ತರುವುದು? "ನೀಟಾಗಿರ್ಲಿ ಅಂತ ಅಂಚು ಒಂದೇ ನೂಲು ತೆಗೆದೆ ಸಾರ್" ಅಂದರು. ನೂಲು ಅಂದರೆ ಇಲ್ಲಿ ದಾರ ಅಲ್ಲ, ಇಂಚಿನ ಎಂಟನೇ ಒಂದು ಪಾಲು. ಅಪ್ಪನ ಅಕ್ಷರ ಆ ಒಂದು ನೂಲಿನಲ್ಲೇ ಇತ್ತು. ಹಳೇ ಪುಸ್ತಕ ಕೊಡುವವರು ಕಟಿಂಗ್ ಬೇಡ ಅಂತ ಚೀಟಿ ಬರೆದು ಒಳಗಿಡಿ. ಬಾಯಲ್ಲಿ ಹೇಳಿದರೆ ಐದು ವಾರದಲ್ಲಿ ಮರೆತಿರುತ್ತಾರೆ.

ಐದಕ್ಕೆ ಮೂರು ಸ್ಟಾರ್. ಮುಂದಿನ ವಾರ ಇನ್ನೆರಡು ಪುಸ್ತಕ ಅಲ್ಲಿಗೇ ಒಯ್ಯುತ್ತಿದ್ದೇನೆ, ಚೀಟಿ ಸಮೇತ.