ಎಎಂಟಿ, ಸಿವಿಟಿ, ಟಾರ್ಕ್ ಕನ್ವರ್ಟರ್: ಕ್ಲಚ್ ಒತ್ತಿ ಒತ್ತಿ ಸಾಕಾದವರಿಗೆ

ಈ ಮೂರೂ ಕ್ಲಚ್ ಪೆಡಲ್ ಇಲ್ಲದ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಬಗೆಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟಾರ್ಕ್ ಕನ್ವರ್ಟರಿಗೆ. ವರ್ಷಗಟ್ಟಲೆ ಮ್ಯಾನುಯಲ್ ಓಡಿಸಿ, ಆಮೇಲೆ ಎಎಂಟಿ ತಗೊಂಡು, ಅದನ್ನು ಮಾರಿ, ಈಗ ಟಾರ್ಕ್ ಕನ್ವರ್ಟರ್ ಇರುವ ಸೆಕೆಂಡ್ ಹ್ಯಾಂಡ್ ಕಾರಿಗೆ ಬಂದಿದ್ದೇನೆ. ಮಧ್ಯೆ ಭಾವನ ಸಿವಿಟಿ ಕಾರನ್ನು ಊರಿಗೆ ಹೋಗುವಾಗ ಬರುವಾಗ ಸಾಕಷ್ಟು ಓಡಿಸಿದ್ದೇನೆ. ಆಫೀಸು ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ, ದಾರಿಯಲ್ಲಿ ಸಿಲ್ಕ್ ಬೋರ್ಡ್. ಊರು ಪುತ್ತೂರಿನ ಹತ್ತಿರ, ಅಂದರೆ ಶಿರಾಡಿ ಘಾಟಿ ತಪ್ಪಿದ್ದಲ್ಲ. ಈ ಎರಡಕ್ಕೂ ಆಗುವ ಕಾರು ಯಾವುದು ಅನ್ನುವುದಷ್ಟೇ ನನ್ನ ಲೆಕ್ಕ.

ಯಾವ ಆಟೊಮ್ಯಾಟಿಕ್ ತಗೊಂಡರೂ ಮೊದಲು ಕಾಟ ಕೊಡುವುದು ಎಡಗಾಲು. ಹಂಪ್ ಬಂತು ಅಂದರೆ ಅದು ತಾನಾಗಿಯೇ ಕ್ಲಚ್ ಹುಡುಕುತ್ತದೆ. ಆಟೊಮ್ಯಾಟಿಕ್‌ನಲ್ಲಿ ಬ್ರೇಕ್ ಪೆಡಲ್ ಅಗಲ ಜಾಸ್ತಿ, ಎಡಗಾಲಿಗೆ ಸುಲಭವಾಗಿ ಸಿಕ್ಕಿಬಿಡುತ್ತದೆ. ಕ್ಲಚ್ಚನ್ನು ಪೂರ್ತಿ ಒತ್ತಿ ಅಭ್ಯಾಸ ಇರುವ ಕಾಲು ಬ್ರೇಕನ್ನೂ ಹಾಗೇ ಒತ್ತುತ್ತದೆ. ಹಿಂದೆ ಕೂತವರ ಹಣೆ ಮುಂದಿನ ಸೀಟಿಗೆ. ಮದ್ದು ಇಷ್ಟೇ: ಎಡಗಾಲನ್ನು ಪಕ್ಕದಲ್ಲಿ ಕಾಲಿಡಲೆಂದೇ ಇರುವ ಡೆಡ್ ಪೆಡಲ್ ಮೇಲೆ ಇಡಿ, ಇಲ್ಲದಿದ್ದರೆ ಸೀಟಿನ ಕಡೆಗೆ ಮಡಚಿ ಇಟ್ಟುಕೊಳ್ಳಿ. ಒಂದೆರಡು ವಾರದಲ್ಲಿ ಸರಿಹೋಗುತ್ತದೆ.

ಈಗ ಎಎಂಟಿ. ನಮ್ಮಲ್ಲಿ ಇದು ಜನಸಾಮಾನ್ಯರ ಕೈಗೆ ಸಿಕ್ಕಿದ್ದು 2014ರಲ್ಲಿ, ಮಾರುತಿ ಸೆಲೆರಿಯೊ ಜೊತೆ. ನನ್ನದು ಆ ಕಾರಲ್ಲ, ಬೇರೆ ಕಂಪನಿಯದು, ಹೆಸರು ಬೇಡ. ಎಎಂಟಿ ಅಂದರೆ ಒಳಗೆ ಅದೇ ಹಳೇ ಮ್ಯಾನುಯಲ್ ಗೇರ್‌ಬಾಕ್ಸ್, ಅದೇ ಕ್ಲಚ್ ಪ್ಲೇಟ್. ನಿಮ್ಮ ಕಾಲು, ಕೈಯ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ. ಮ್ಯಾನುಯಲ್ ಗೊತ್ತಿರುವವನಿಗೆ ತೊಂದರೆ ಶುರುವಾಗುವುದೇ ಇಲ್ಲಿ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಕಾರು ಒಂದು ಕ್ಷಣ ಉಸಿರು ಹಿಡಿಯುತ್ತದೆ, ತಲೆ ಮುಂದಕ್ಕೆ ವಾಲುತ್ತದೆ. ಆಗ ಕ್ಲಚ್ ಎಲ್ಲಿ ಬಿಡಬೇಕಿತ್ತು ಅಂತ ನಿಮಗೆ ಗೊತ್ತು, ಆದರೆ ಬಿಡುವವರು ನೀವಲ್ಲ. ಹೊಸದಾಗಿ ಡ್ರೈವಿಂಗ್ ಕಲಿಯುತ್ತಿರುವವರ ಪಕ್ಕದ ಸೀಟಿನಲ್ಲಿ ಕೂತ ಹಾಗೆ. ಸಿಟಿಯಲ್ಲಿ ನೇರ ರಸ್ತೆ ಇದ್ದಷ್ಟು ಹೊತ್ತು ಇದನ್ನು ಸಹಿಸಬಹುದು. ಗೇರ್ ಬದಲಾಗುವ ಹೊತ್ತಿಗೆ ಎಕ್ಸಲರೇಟರ್ ಸ್ವಲ್ಪ ಸಡಿಲಿಸಿದರೆ ಜರ್ಕ್ ಕೂಡ ಕಮ್ಮಿಯಾಗುತ್ತದೆ.

ನನ್ನ ಕೈಯಲ್ಲಿ ಸಹಿಸೋಕೆ ಆಗದೇ ಹೋಗಿದ್ದು ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್. ಹೋಗುವುದಕ್ಕೂ ಬರುವುದಕ್ಕೂ ಅದೊಂದೇ ದಾರಿ. ಕಡಿದಾದ ಏರು, ತುದಿಯಲ್ಲಿ ಬಲಕ್ಕೆ ತಿರುವು. ಬೆಳಗ್ಗೆ ಎಂಟೂವರೆಗೆ ನಾನು ಮೇಲೆ ಹತ್ತುವಾಗ ಸ್ಕೂಲಿಗೆ ಮಕ್ಕಳನ್ನು ಬಿಟ್ಟು ಬಂದವರು ಕೆಳಗೆ ಇಳಿಯಲು ನಿಂತಿರುತ್ತಾರೆ. ಅರ್ಧದಲ್ಲಿ ನಿಲ್ಲಿಸಲೇಬೇಕು. ಮ್ಯಾನುಯಲ್‌ನಲ್ಲಿ ಇದು ಒಂದು ವಿಷಯವೇ ಅಲ್ಲ. ಹಾಫ್ ಕ್ಲಚ್ ಹಿಡಿದರೆ ಇಂಜಿನ್ ಸದ್ದು ಸ್ವಲ್ಪ ಕುಗ್ಗುತ್ತದೆ, ಬಾನೆಟ್ ಚೂರು ಏಳುತ್ತದೆ, ಬ್ರೇಕ್ ಬಿಟ್ಟರೆ ಹೊರಡುತ್ತದೆ. ಎಎಂಟಿಯಲ್ಲಿ ಬ್ರೇಕಿನಿಂದ ಕಾಲು ತೆಗೆದು ಎಕ್ಸಲರೇಟರ್‌ಗೆ ಹೋಗುವಷ್ಟರಲ್ಲಿ ಕಾರು ಹಿಂದಕ್ಕೆ ಹೊರಟಿರುತ್ತದೆ. ಕ್ಲಚ್ ಹಿಡಿಯುವುದು ಆಮೇಲೆ. ಹಿಂದೆ ಇನ್ನೊಬ್ಬರು ಬಂಪರಿಗೆ ಮೂಗು ತಾಗಿಸಿಕೊಂಡು ನಿಂತಿರುತ್ತಾರೆ, ಅವರಿಗೆ ಇದೆಲ್ಲ ಏನು ಗೊತ್ತು?

ಕೊನೆಕೊನೆಗೆ ನನ್ನ ಕಾರು ಕಂಡರೆ ವಾಚ್‌ಮ್ಯಾನ್ ಒಂದು ಸಿಮೆಂಟ್ ಇಟ್ಟಿಗೆ ಹಿಡಿದುಕೊಂಡು ಬರುತ್ತಿದ್ದ. "ಇಡ್ಲಾ ಸಾರ್?" ಅಂತ ಕೇಳಿ ಹಿಂದಿನ ಚಕ್ರಕ್ಕೆ ಕೊಡುತ್ತಿದ್ದ. ಸರಿಯಾದ ದಾರಿ ಅಂದರೆ ಹ್ಯಾಂಡ್ ಬ್ರೇಕ್ ಎಳೆದು, ಎಕ್ಸಲರೇಟರ್ ಕೊಟ್ಟು, ಕಾರು ಮುಂದಕ್ಕೆ ಜಗ್ಗಿದಾಗ ಹ್ಯಾಂಡ್ ಬ್ರೇಕ್ ಬಿಡುವುದು. ಲಿವರನ್ನು ಮ್ಯಾನುಯಲ್ ಕಡೆ ತಳ್ಳಿ ಒಂದನೇ ಗೇರಿನಲ್ಲೇ ಇಟ್ಟರೆ ಏರಿನ ಮಧ್ಯೆ ಎರಡಕ್ಕೆ ಹಾರುವುದೂ ತಪ್ಪುತ್ತದೆ. ಇದನ್ನೆಲ್ಲ ಮಾಡಿದೆ. ಕೆಲಸ ಆಗುತ್ತದೆ. ಆದರೆ ದಿನಾ ಬೆಳಗ್ಗೆ ಇಷ್ಟು ಸರ್ಕಸ್ ಮಾಡುವುದಾದರೆ ದುಡ್ಡು ಜಾಸ್ತಿ ಕೊಟ್ಟು ಆಟೊಮ್ಯಾಟಿಕ್ ಯಾಕೆ ತಗೋಬೇಕು ಅಲ್ವಾ? ಬ್ರೇಕ್ ಬದಲು ಎಕ್ಸಲರೇಟರ್‌ನಲ್ಲೇ ಏರಿನಲ್ಲಿ ನಿಲ್ಲಿಸಿಕೊಂಡರೆ ಇನ್ನೂ ಕೆಟ್ಟದ್ದು. ಕ್ಲಚ್ ಜಾರಿ ಜಾರಿ ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ.

ಹಿಲ್ ಹೋಲ್ಡ್ ಇರುವ ಎಎಂಟಿಗಳಲ್ಲಿ ಇಷ್ಟು ಕಷ್ಟ ಇಲ್ಲ. ಬ್ರೇಕ್ ಬಿಟ್ಟ ಮೇಲೂ ಒಂದೆರಡು ಸೆಕೆಂಡ್ ಅದೇ ಹಿಡಿದಿಡುತ್ತದೆ. ನನ್ನದು ಕೆಳಗಿನ ವೇರಿಯಂಟ್, ಅದರಲ್ಲಿ ಇರಲಿಲ್ಲ. ಇನ್ನೊಂದು, ತುಂಬಾ ಎಎಂಟಿಗಳಲ್ಲಿ ಪಾರ್ಕಿಂಗಿನ 'ಪಿ' ಇರುವುದಿಲ್ಲ. ಗೇರಿನಲ್ಲೇ ಬಿಟ್ಟು ಹ್ಯಾಂಡ್ ಬ್ರೇಕ್ ಹಾಕಿ ಇಳಿಯಬೇಕು.

ಸಿವಿಟಿಯಲ್ಲಿ ಜರ್ಕ್ ಅನ್ನುವ ಮಾತೇ ಇಲ್ಲ, ಯಾಕಂದರೆ ಬದಲಾಗೋಕೆ ಗೇರುಗಳೇ ಇಲ್ಲ. ಎರಡು ಪುಲ್ಲಿ, ನಡುವೆ ಒಂದು ಸ್ಟೀಲ್ ಬೆಲ್ಟ್. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಇದಕ್ಕಿಂತ ನೆಮ್ಮದಿಯ ಕಾರು ಇಲ್ಲ, ಇದನ್ನು ಒಪ್ಪುತ್ತೇನೆ. ಆದರೆ ಊರಲ್ಲಿ ದೀಪಾವಳಿ ಮುಗಿಸಿ ವಾಪಸ್ ಬರುವಾಗ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು ಶಿರಾಡಿ ಹತ್ತಿ ನೋಡಿ. ಟ್ಯಾಂಕರನ್ನು ಹಿಂದೆ ಹಾಕೋಣ ಅಂತ ಎಕ್ಸಲರೇಟರ್ ಒತ್ತಿದರೆ ಮೊದಲು ಸದ್ದು ಬರುತ್ತದೆ, ಆಮೇಲೆ ವೇಗ ಬರುತ್ತದೆ. ಒಳಗಿದ್ದ ಅಕ್ಕ "ಕಾರಿಗೆ ಏನಾಯ್ತೋ?" ಅಂತ ಪ್ರತಿ ಸಲ ಕೇಳುತ್ತಾಳೆ. ಕಾರಿಗೆ ಏನೂ ಆಗಿರುವುದಿಲ್ಲ. ಘಾಟಿ ಹತ್ತದೇ ಇರುವವರು ಧೈರ್ಯವಾಗಿ ತಗೊಳ್ಳಿ.

ಡಿಸಿಟಿ, ಅಂದರೆ ಎರಡು ಕ್ಲಚ್ ಇರುವ ಆಟೊಮ್ಯಾಟಿಕ್, ನನ್ನ ಬಜೆಟ್‌ನಲ್ಲಿ ಇರಲಿಲ್ಲ, ಬಿಟ್ಟೆ. ಒಣ ಕ್ಲಚ್ ಇರುವ ಡಿಸಿಟಿಗಳು ತೆವಳುವ ಟ್ರಾಫಿಕ್‌ನಲ್ಲಿ ಬಿಸಿಯಾಗುವ ವಿಷಯ ಮಾತ್ರ ನೆನಪಿರಲಿ.

ಟಾರ್ಕ್ ಕನ್ವರ್ಟರಿನಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವುದು ಎಣ್ಣೆ. ಇಂಜಿನ್ ಕಡೆಯ ರೆಕ್ಕೆಚಕ್ರ ತಿರುಗಿ ಎಣ್ಣೆಯನ್ನು ತಳ್ಳುತ್ತದೆ, ಆ ಎಣ್ಣೆ ಎದುರಿನ ಚಕ್ರವನ್ನು ತಿರುಗಿಸುತ್ತದೆ. ನಿಂತು ಹೊರಡುವಾಗ ಉಜ್ಜಿ ಸವೆಯುವ ಕ್ಲಚ್ ಇಲ್ಲ. ಡಿ-ಯಲ್ಲಿ (ಡ್ರೈವ್) ಇಟ್ಟು ಬ್ರೇಕ್ ಬಿಟ್ಟರೆ ಸಾಕು, ಜನ ನಡೆಯುವ ವೇಗದಲ್ಲಿ ತಾನೇ ಹೊರಡುತ್ತದೆ. ಅದೇ ರ‍್ಯಾಂಪ್‌ನಲ್ಲಿ ಅರ್ಧಕ್ಕೆ ನಿಲ್ಲಿಸಿದರೂ ನನ್ನ ಕಾರು ಹಿಂದೆ ಬರುವುದಿಲ್ಲ, ಇದರಲ್ಲಿ ಹಿಲ್ ಹೋಲ್ಡ್ ಕೂಡ ಇದೆ. ಕಂಬದ ಪಕ್ಕ ರಿವರ್ಸ್ ಹಾಕುವಾಗ ಎಕ್ಸಲರೇಟರ್ ಮುಟ್ಟುವುದೇ ಇಲ್ಲ, ಬ್ರೇಕನ್ನು ಬಿಡುತ್ತಾ ಹಿಡಿಯುತ್ತಾ ಇಂಚಿಂಚು ಸರಿಸುತ್ತೇನೆ. ಈ ಗೇರ್‌ಬಾಕ್ಸಿನಲ್ಲಿ ನನಗೆ ಗೊತ್ತಿದ್ದ ಕ್ಲಚ್ ಕೆಲಸ ಯಾವುದೂ ಇಲ್ಲ. ಹಾಗಾಗಿ ಅದನ್ನು ಬೇಗ ಮರೆತೆ. ಎಎಂಟಿ ಮರೆಯೋಕೆ ಬಿಡುತ್ತಿರಲಿಲ್ಲ. ಒಂದು ಎಚ್ಚರ: ಸಿಗ್ನಲ್‌ನಲ್ಲಿ ಮೊಬೈಲ್ ನೋಡುತ್ತಾ ಬ್ರೇಕ್ ಸಡಿಲಿಸಿದಿರೋ, ಮುಂದಿನ ಕಾರಿಗೆ ಮುತ್ತು ಗ್ಯಾರಂಟಿ.

ಘಾಟಿ ಇಳಿಯುವಾಗ ಡಿ-ಯಲ್ಲೇ ಬಿಡಬೇಡಿ. ಮಾರನಹಳ್ಳಿ ದಾಟಿ ಅಡ್ಡಹೊಳೆ ಕಡೆ ಇಳಿಯುವಾಗ ಲಿವರನ್ನು ಮ್ಯಾನುಯಲ್‌ಗೆ ತಂದು ಮೂರರಲ್ಲೋ ಎರಡರಲ್ಲೋ ಹಿಡಿದಿಡುತ್ತೇನೆ. ಇಂಜಿನ್ನೇ ತಡೆಯುತ್ತದೆ, ಬ್ರೇಕ್ ಕಾಯುವುದಿಲ್ಲ.

ಇನ್ನು ಖರ್ಚು. ಹೊಸ ಕಾರಾದರೆ ಮ್ಯಾನುಯಲ್‌ಗಿಂತ ಎಎಂಟಿಗೆ ಸುಮಾರು 50 ಸಾವಿರ ಜಾಸ್ತಿ, ಟಾರ್ಕ್ ಕನ್ವರ್ಟರ್ ಅಥವಾ ಸಿವಿಟಿಗೆ ಸಾಮಾನ್ಯವಾಗಿ ಲಕ್ಷ ದಾಟುತ್ತದೆ. ಅದಕ್ಕೇ ಸೆಕೆಂಡ್ ಹ್ಯಾಂಡ್‌ಗೆ ಹೋದೆ. ಎಎಂಟಿ ಸಿಟಿಯಲ್ಲಿ ಲೀಟರಿಗೆ 15 ಕಿಲೋಮೀಟರ್ ಹತ್ತಿರ ಕೊಡುತ್ತಿತ್ತು, ಈಗಿನದು 10-11. ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ದಾಟಿರುವಾಗ ಇದು ಸಣ್ಣ ವ್ಯತ್ಯಾಸ ಅಲ್ಲ. ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ, ಅದರಿಂದ ನನಗೆ ಸರಿದೂಗುತ್ತದೆ. ದಿನಾ ಅರವತ್ತು ಎಪ್ಪತ್ತು ಕಿಲೋಮೀಟರ್ ಓಡಿಸುವವರಿಗೆ, ಮನೆ ಮುಂದೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸುವವರಿಗೆ ಹಿಲ್ ಹೋಲ್ಡ್ ಇರುವ ಎಎಂಟಿ ಸಾಕು, ಸುಮ್ನೆ ದುಡ್ಡು ಸುರಿಯಬೇಡಿ.

ಟೆಸ್ಟ್ ಡ್ರೈವ್‌ಗೆ ಮಾತ್ರ ಶೋರೂಮಿನವರು ಹೇಳಿದ ನೇರ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದುಬಿಡಬೇಡಿ. ನೀವು ದಿನಾ ಹತ್ತುವ ಏರಿಗೇ ತಗೊಂಡು ಹೋಗಿ, ಅರ್ಧದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಇಲ್ಲದೆ ಹೊರಡಿಸಿ ನೋಡಿ. ಸೆಕೆಂಡ್ ಹ್ಯಾಂಡ್ ಆದರೆ ಗೇರ್‌ಬಾಕ್ಸ್ ಎಣ್ಣೆ ಯಾವಾಗ ಬದಲಾಯಿಸಿದ್ದು ಅಂತ ಸರ್ವಿಸ್ ಬಿಲ್ ಕೇಳಿ ತಗೊಳ್ಳಿ.