ಫ್ಲೂ ಮಾತ್ರೆ ಸ್ಟಾಕ್ ಇಲ್ಲದ ಮೆಡಿಕಲ್‌ಗೆ ನಾಲ್ಕು ಸ್ಟಾರ್

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲದ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಮೆಡಿಕಲ್ ಉಂಟು. ಬೋರ್ಡು ಮಲಯಾಳದಲ್ಲಿ. ಕೆಳಗೆ ಕನ್ನಡವೂ ಇತ್ತು, ಈಗ ಮಳೆಗೆ ಅರ್ಧ ಅಳಿಸಿ ಹೋಗಿದೆ. ಹೆಸರು ಹಾಕುವುದಿಲ್ಲ, ನಡೆಸುವ ಅಕ್ಕನಿಗೆ ಅದು ಇಷ್ಟ ಇಲ್ಲ. ಆ ಬದಿಯವರಿಗೆ ಇಷ್ಟು ಹೇಳಿದರೆ ಸಾಕು, ಯಾವುದು ಅಂತ ಗೊತ್ತಾಗ್ತದೆ. ಈ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಒಬ್ಬರು ಎದ್ದರೆ ಇನ್ನೊಬ್ಬರು ಮಲಗುವುದು ಅಂತ ಆಗಿ, ಈ ಅಂಗಡಿಯ ಮೆಟ್ಟಿಲು ಹತ್ತಿ ಇಳಿದದ್ದಕ್ಕೆ ಲೆಕ್ಕ ಇಲ್ಲ. ಹಾಗಾಗಿ ಒಳ್ಳೆಯದು, ಕೆಟ್ಟದು ಎರಡನ್ನೂ ಬರೆಯುವಷ್ಟು ಸಾಮಾನು ನನ್ನ ಹತ್ತಿರ ಉಂಟು.

ಮೊದಲು ಎಲ್ಲರೂ ಕೇಳುವ ಪ್ರಶ್ನೆ. ಇಲ್ಲಿ ಫ್ಲೂ ಮಾತ್ರೆ ಸಿಗ್ತದಾ? ಕೆಲವೊಮ್ಮೆ ಸಿಗ್ತದೆ, ಜಾಸ್ತಿ ಸಲ ಸಿಗುವುದಿಲ್ಲ.

ಫ್ಲೂ ಮಾತ್ರೆ ಅಂದ್ರೆ ಒಸೆಲ್ಟಾಮಿವಿರ್. ಟಾಮಿಫ್ಲೂ, ಫ್ಲೂವಿರ್, ಆಂಟಿಫ್ಲೂ ಅಂತೆಲ್ಲ ಬೇರೆ ಬೇರೆ ಕಂಪೆನಿಯ ಹೆಸರು, ಒಳಗಿರುವ ಮದ್ದು ಒಂದೇ. 2009ರಲ್ಲಿ ಎಚ್1ಎನ್1, ಅಂದ್ರೆ ಹಂದಿಜ್ವರ, ಬಂದಾಗ ಇದು ಮಾರಾಟಕ್ಕೆ ಬಹಳ ಬಿಗಿ ಇರುವ ಮದ್ದುಗಳ ಪಟ್ಟಿಯಾದ ಶೆಡ್ಯೂಲ್ ಎಕ್ಸ್‌ನಲ್ಲಿತ್ತು, ಪೇಟೆಯ ಯಾವುದೋ ಒಂದೆರಡು ಅಂಗಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಮಾರುವ ಹಾಗಿರಲಿಲ್ಲ. 2017ರಲ್ಲಿ ಅದನ್ನು ಸ್ವಲ್ಪ ಸಡಿಲ ಇರುವ ಶೆಡ್ಯೂಲ್ ಎಚ್1 ಪಟ್ಟಿಗೆ ಹಾಕಿದರು. ಈಗ ಲೈಸೆನ್ಸ್ ಇರುವ ಯಾವ ಮೆಡಿಕಲ್‌ನವರೂ ಡಾಕ್ಟರ ಚೀಟಿ ನೋಡಿ ಕೊಡಬಹುದು, ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು ಅಷ್ಟೆ. ಹಾಗಾದರೆ ಹಳ್ಳಿ ಬದಿಯಲ್ಲಿ ಯಾಕೆ ಸಿಗುವುದಿಲ್ಲ ಅಂತ ಅಕ್ಕನ ಹತ್ತಿರವೇ ಕೇಳಿದೆ. "ಮಾಷ್ಟ್ರೇ, ಮಳೆಗಾಲ ಬಿಟ್ರೆ ಇದನ್ನು ಕೇಳುವವರೇ ಇಲ್ಲ. ತರಿಸಿಟ್ಟದ್ದು ಇಲ್ಲೇ ಕೂತು ಎಕ್ಸ್‌ಪೈರಿ ಆದ್ರೆ ಆ ನಷ್ಟ ಯಾರು ಕೊಡ್ತಾರೆ?" ಅಂದರು. ಸರಿ ಅಲ್ವಾ? ಪ್ಯಾರಾಸಿಟಮಾಲ್ ವರ್ಷಪೂರ್ತಿ ಓಡ್ತದೆ, ಬಿಪಿ ಮಾತ್ರೆ ಓಡ್ತದೆ. ಇದು ಎಲ್ಲರಿಗೂ ಒಟ್ಟಿಗೇ ಬೇಕು, ಆಮೇಲೆ ಯಾರಿಗೂ ಬೇಡ. ಜೂನ್‌ನಲ್ಲಿ ಶಾಲೆ ಸುರುವಾಗಿ ಮಕ್ಕಳು ಒದ್ದೆ ಕೊಡೆ, ಒದ್ದೆ ಬ್ಯಾಗಿನ ಜೊತೆ ಜ್ವರವನ್ನೂ ಮನೆಗೆ ತರುವ ಹೊತ್ತಿಗೆ ಡೀಲರ್ ಹತ್ತಿರವೂ ಖಾಲಿ.

ಇನ್ನು ನಾಲ್ಕು ಸ್ಟಾರ್ ಯಾಕೆ ಅಂತ ಹೇಳ್ತೇನೆ.

ನನ್ನ ಅಪ್ಪನಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ ಉಂಟು, ಕಿಡ್ನಿಯೂ ಸ್ವಲ್ಪ ವೀಕು. ರಾತ್ರಿ ಮೈಕೈ ನೋವು ಅಂದವರು ಬೆಳಿಗ್ಗೆ ಏಳಲೇ ಇಲ್ಲ, ಮೈ ಕೆಂಡ. ಡಾಕ್ಟರು ನೋಡಿ ಈ ಮಾತ್ರೆ ಬರೆದುಕೊಟ್ಟರು. ಚೀಟಿ ಹಿಡ್ಕೊಂಡು ಅಂಗಡಿಗೆ ಹೋದರೆ ಅಕ್ಕ ಮೊದಲು ಕೇಳಿದ್ದು ದುಡ್ಡಿನ ಮಾತಲ್ಲ. "ಜ್ವರ ಸುರುವಾಗಿ ಎಷ್ಟು ಹೊತ್ತಾಯ್ತು?" ಈ ಮದ್ದು 48 ಗಂಟೆಯೊಳಗೆ ಸುರು ಮಾಡಿದರೆ ಹೆಚ್ಚು ಗುಣ, ತಡವಾದಷ್ಟೂ ಕಡಿಮೆ. ತುಂಬಾ ಜೋರಾಗಿ ಆಸ್ಪತ್ರೆಗೆ ಸೇರಿದವರಿಗೆ ಆಮೇಲೂ ಕೊಡ್ತಾರೆ, ಅದು ಬೇರೆ ಮಾತು. ಆಮೇಲೆ ಚೀಟಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು 75 ಮಿಲಿಗ್ರಾಂ ಅಂತ ಬರೆದದ್ದರ ಮೇಲೆ ಬೆರಳಿಟ್ಟರು. "ಮಾವನಿಗೆ ಕಿಡ್ನಿದು ತೊಂದರೆ ಉಂಟಲ್ವಾ, ಡಾಕ್ಟ್ರಿಗೆ ಹೇಳಿದ್ದೀರಾ?"

ಅಪ್ಪನ ತಿಂಗಳ ಮಾತ್ರೆ ಎಲ್ಲ ಅಲ್ಲಿಂದಲೇ ಹೋಗುವುದು, ಹಾಗಾಗಿ ಅವರಿಗೆ ನೆನಪಿತ್ತು. ಒಸೆಲ್ಟಾಮಿವಿರ್ ಮೈಯಿಂದ ಹೊರಗೆ ಹೋಗುವುದು ಕಿಡ್ನಿ ಮೂಲಕ. ಕಿಡ್ನಿ ವೀಕ್ ಇದ್ದರೆ ಡೋಸ್ ಇಳಿಸಬೇಕು. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ, ಕಿಡ್ನಿ ಹೇಗುಂಟು ಅಂತ ತೋರಿಸುವ ಹಳೆಯ ರಕ್ತಪರೀಕ್ಷೆಯ, ಅಂದ್ರೆ ಕ್ರಿಯಾಟಿನಿನ್ ರಿಪೋರ್ಟಿನ, ನಂಬರ್ ನನ್ನ ಮೊಬೈಲಿನಿಂದ ಓದಿ ಹೇಳಿದರು. ಡಾಕ್ಟರು 30 ಮಿಲಿಗ್ರಾಂಗೆ ಬದಲಾಯಿಸಿದರು, ಚೀಟಿಯನ್ನೂ ಹೊಸತಾಗಿ ಬರೆದುಕೊಟ್ಟರು. ಈಗ ತಮಾಷೆ ನೋಡಿ, 75 ಆದರೂ ಎಲ್ಲಾದರೂ ಸಿಕ್ಕೀತು, 30 ಇನ್ನೂ ಕಷ್ಟ. ಗಿರಾಕಿಗಳು ಕಾಯ್ತಾ ನಿಂತಿದ್ದರೂ ಅಕ್ಕ ಒಂದರ ಹಿಂದೆ ಒಂದು ಅಂಗಡಿಗೆ ಫೋನ್ ಹಚ್ಚಿ, ಕೊನೆಗೆ ಕಾಸರಗೋಡು ಪೇಟೆಯ ಒಂದು ಅಂಗಡಿಯಲ್ಲಿ ಇದೆ ಅಂತ ಖಾತ್ರಿ ಮಾಡಿ, "ಒಬ್ಬರು ಚೀಟಿ ಹಿಡ್ಕೊಂಡು ಬರ್ತಾರೆ, ತೆಗೆದಿಡಿ" ಅಂತ ಹೇಳಿಯೇ ಫೋನ್ ಇಟ್ಟರು. ಇದರಿಂದ ಅವರಿಗೆ ಒಂದು ರೂಪಾಯಿ ಲಾಭ ಇಲ್ಲ. ನಾನು ಬಸ್ಸು ಹಿಡಿದು ಹೋಗಿ ತಂದೆ, ಸಂಜೆಯೊಳಗೆ ಅಪ್ಪನ ಮೊದಲ ಮಾತ್ರೆ ಆಯ್ತು. ಬರಿ ಹೊಟ್ಟೆಗೆ ಬೇಡ, ವಾಂತಿ ಬರ್ತದೆ ಅಂತ ಅಕ್ಕ ಹೇಳಿದ್ದರಿಂದ ಎರಡು ಚಮಚ ಗಂಜಿ ಕುಡಿಸಿಯೇ ಕೊಟ್ಟದ್ದು.

ಅದೇ ಹೊತ್ತಿಗೆ ನನ್ನ ತಮ್ಮ ಬೆಂಗಳೂರಿನಲ್ಲಿ ಕೂತು ಮದ್ದು ತರಿಸುವ ಒಂದು ಆ್ಯಪ್‌ನಲ್ಲಿ ಹುಡುಕ್ತಾ ಇದ್ದ. ಅದರಲ್ಲಿ ಸ್ಟಾಕ್ ಇತ್ತು, ಡಿಸ್ಕೌಂಟೂ ಇತ್ತು. 671ರಿಂದ ಸುರುವಾಗುವ ನಮ್ಮ ಪಿನ್‌ಕೋಡ್ ಹಾಕಿದ ಕೂಡಲೇ ಡೆಲಿವರಿ ತಾರೀಕು ಎಲ್ಲಿಗೋ ಹೋಯ್ತು. 48 ಗಂಟೆಯೊಳಗೆ ನುಂಗಬೇಕಾದ ಮಾತ್ರೆ ನಾಲ್ಕನೇ ದಿನ ಬಂದರೆ ಅದನ್ನು ಇಟ್ಟು ಏನು ಮಾಡುವುದು? ಮಂಗಳೂರಿಗೆ ಓಡಬಹುದು, ನಾವು ಎಲ್ಲದಕ್ಕೂ ಅಲ್ಲಿಗೇ ಓಡುವವರು ತಾನೇ. 2020ರಲ್ಲಿ ಕೊರೊನಾ ಅಂತ ರಾಜ್ಯದ ಗಡಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಆ ಓಟ ಎಷ್ಟು ನಂಬಿಕೆಯದ್ದು ಅಂತ ಗೊತ್ತಾಗಿದೆ. ಬಾಗಿಲ ಹತ್ತಿರ ಒಂದು ಒಳ್ಳೆ ಮೆಡಿಕಲ್ ಇರುವುದರ ಬೆಲೆ ಆಗಿನಿಂದ ನನಗೆ ಬೇರೆಯೇ.

ಇನ್ನೊಂದು ವಿಷಯ, ಇದಕ್ಕೆ ಕೆಲವರು ಈ ಅಂಗಡಿಗೆ ಬೈಯುವುದೂ ಉಂಟು. ಇಲ್ಲಿ ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡುವುದಿಲ್ಲ. ನಾನು ನಿಂತಿದ್ದಾಗಲೇ ಒಬ್ಬರು ಬಂದು "ಮೂರು ದಿನದ ಅಜಿತ್ರೋ ಕೊಡಿ, ಶೀತ ಜ್ವರ" ಅಂದರು. ಅಕ್ಕ ಇಲ್ಲ ಅಂದರು. ಅವರು ಸಿಟ್ಟಿನಿಂದ ಪಕ್ಕದ ಪೇಟೆಗೆ ಹೋದರು. 2024ರ ಜನವರಿಯಲ್ಲಿ ಕೇರಳ ಸರಕಾರ ಆಪರೇಷನ್ ಅಮೃತ್ ಅಂತ ಮೆಡಿಕಲ್‌ಗಳಲ್ಲಿ ದಿಢೀರ್ ತಪಾಸಣೆ ಸುರು ಮಾಡಿದ ಮೇಲೆ ಹೆಚ್ಚಿನವರು ಬಿಗಿಯಾಗಿದ್ದಾರೆ. ಆದರೆ ಅಕ್ಕ ಅದಕ್ಕೆ ಮೊದಲೂ ಹೀಗೇ. ಫ್ಲೂ ವೈರಸ್‌ನಿಂದ ಬರುವುದು, ಅಜಿತ್ರೋಮೈಸಿನ್ ವೈರಸ್ಸನ್ನು ಮುಟ್ಟುವುದೂ ಇಲ್ಲ. ಸುಮ್ನೆ ಹೊಟ್ಟೆ ಕೆಡಿಸಿಕೊಳ್ಳುವುದು.

ಹಾಗೆಯೇ ಫ್ಲೂ ಮಾತ್ರೆಯನ್ನೂ ಇವರು ಎಲ್ಲರ ಕೈಗೆ ತುರುಕುವುದಿಲ್ಲ. ನನಗೂ ಹೆಂಡತಿಗೂ ಆಮೇಲೆ ಜ್ವರ ಬಂತು, ನಮಗೆ ಡಾಕ್ಟರು ಬರೆಯಲೇ ಇಲ್ಲ. ಗಟ್ಟಿಮುಟ್ಟಾಗಿ ಇರುವವರಿಗೆ ಇದರಿಂದ ಸಿಗುವುದು ಹೆಚ್ಚೆಂದರೆ ಒಂದು ದಿನ ಬೇಗ ಗುಣ. ಬಸುರಿಯರು, ಐದು ವರ್ಷದೊಳಗಿನ ಮಕ್ಕಳು, ವಯಸ್ಸಾದವರು, ಅಸ್ತಮಾ, ಸಕ್ಕರೆ, ಹೃದಯ, ಕಿಡ್ನಿ ಕಾಯಿಲೆ ಇರುವವರು, ಇವರಿಗೆ ಮೊದಲು ಬೇಕು. ಸ್ಟಾಕ್ ಕಡಿಮೆ ಇರುವಾಗ ಮನೆಯಲ್ಲಿ ಇರಲಿ ಅಂತ ನಾಲ್ಕು ಸ್ಟ್ರಿಪ್ ತಂದು ಫ್ರಿಜ್ಜಿನ ಮೇಲೆ ಇಟ್ಟರೆ ಯಾರದೋ ಮನೆಯ ಅಜ್ಜಿಗೆ ಸಿಗುವುದಿಲ್ಲ. ಬೇಕಾದವರಿಗೂ ಅಕ್ಕ ಮೊದಲು ಹೇಳುವುದು ಸರಕಾರದ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ ನೋಡಿ ಅಂತ. "ಅಲ್ಲಿ ಡಾಕ್ಟ್ರು ಬರೆದ್ರೆ ದುಡ್ಡಿಲ್ಲದೆ ಸಿಗ್ತದೆ, ಇಲ್ಲಿ ಯಾಕೆ ಖರ್ಚು ಮಾಡ್ತೀರಿ?" ವ್ಯಾಪಾರಕ್ಕೆ ಕೂತವರ ಬಾಯಲ್ಲಿ ಈ ಮಾತು ನಾನು ಬೇರೆಲ್ಲೂ ಕೇಳಿಲ್ಲ.

ನಮ್ಮಿಬ್ಬರಿಗೆ ಕೊಟ್ಟದ್ದು ಪ್ಯಾರಾಸಿಟಮಾಲ್, ಓಆರ್‌ಎಸ್ ಪುಡಿ ಮತ್ತು ಒಂದು ಬೈಗುಳ. ಬೈಗುಳ ಯಾಕೆಂದರೆ ಹೆಂಡತಿ ಪ್ಯಾರಾಸಿಟಮಾಲ್ ಜೊತೆಗೆ ಶೀತದ ಇನ್ನೊಂದು ಮಾತ್ರೆಯನ್ನೂ ಕೇಳಿದಳು. ಆ ಶೀತದ ಮಾತ್ರೆಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಅಕ್ಕ ಉಗುರಿನಿಂದ ತೋರಿಸಿದರು, ಅದರೊಳಗೂ ಪ್ಯಾರಾಸಿಟಮಾಲ್ ಉಂಟು. ಎರಡೂ ನುಂಗಿದರೆ ಡಬಲ್ ಡೋಸ್, ಪೆಟ್ಟು ಲಿವರಿಗೆ. ಇದು ಎಷ್ಟು ಮನೆಗಳಲ್ಲಿ ನಡೆಯುತ್ತದೋ ದೇವರೇ ಬಲ್ಲ. ಐಬುಪ್ರೊಫೆನ್ ಅನ್ನುವ ನೋವಿನ ಮಾತ್ರೆಯನ್ನಂತೂ ಮಳೆಗಾಲದಲ್ಲಿ ಕೊಡುವುದೇ ಇಲ್ಲ, ಡೆಂಗಿ ಅಲ್ಲ ಅಂತ ಗೊತ್ತಾಗದೆ ಅದು ಬೇಡ ಅಂತ. ನಮ್ಮ ಕಡೆ ಇದು ದೊಡ್ಡ ವಿಷಯ. ತೋಟಕ್ಕೆ ಬರಿಗಾಲಲ್ಲಿ ಇಳಿಯುವವರಿಗೆ ಬರುವ ಜ್ವರ ಇಲಿಜ್ವರವೂ ಆಗಿರಬಹುದು, ಅದರ ಮದ್ದೇ ಬೇರೆ. ಉಸಿರಾಟ ಕಷ್ಟ, ಎದೆ ನೋವು, ಕಣ್ಣು ಹಳದಿ, ಮೂತ್ರ ಕಡಿಮೆ, ಮಾತು ತಪ್ಪುವುದು, ಹೀಗೆ ಏನಾದರೂ ಹೇಳಿದರೆ ಅಕ್ಕ ಮಾತ್ರೆ ಕೊಡದೆ ಸೀದಾ ಆಸ್ಪತ್ರೆಗೆ ಅಟ್ಟುತ್ತಾರೆ.

ವಾಟ್ಸ್ಆ್ಯಪ್ ಡಾಕ್ಟರುಗಳಿಗೂ ಅಲ್ಲಿ ಉತ್ತರ ಉಂಟು. ಬಿರಿಯಾನಿಗೆ ಹಾಕುವ ಚಕ್ರಮೊಗ್ಗಿನಿಂದ ಟಾಮಿಫ್ಲೂ ಮಾಡ್ತಾರಂತೆ, ಅದನ್ನೇ ಕುದಿಸಿ ಕುಡಿದರೆ ಸಾಕಂತೆ ಅಂತ ನನ್ನ ಚಿಕ್ಕಮ್ಮ ಹೇಳ್ತಿದ್ದರು. ಅರ್ಧ ನಿಜ. ಚಕ್ರಮೊಗ್ಗಿನಲ್ಲಿರುವ ಶಿಕಿಮಿಕ್ ಆಸಿಡ್‌ನಿಂದ ಆ ಮದ್ದು ತಯಾರಿಸಿದ್ದು ಹೌದು, ಆದರೆ ನಡುವೆ ಫ್ಯಾಕ್ಟರಿಯಲ್ಲಿ ಎಷ್ಟೋ ಕೆಲಸ ಉಂಟು. ಕಷಾಯ ಕುಡಿಯಿರಿ, ಗಂಟಲಿಗೆ ಹಿತ, ನಾನೂ ಶುಂಠಿ ಮೆಣಸಿನ ಕಷಾಯ ಕುಡಿದೇ ಎದ್ದದ್ದು. ವೈರಸ್ಸಿಗೆ ಅದರಿಂದ ಏನೂ ಆಗುವುದಿಲ್ಲ ಅಷ್ಟೆ.

ಈಗ ಕಳೆದುಹೋದ ಆ ಒಂದು ಸ್ಟಾರಿನ ಬಗ್ಗೆ. ಅಂಗಡಿ ತೀರಾ ಇಕ್ಕಟ್ಟು. ಜ್ವರದ ಸೀಸನ್‌ನಲ್ಲಿ ಕೆಮ್ಮುವವರು, ಸೀನುವವರು, ಬರೀ ಬಿಪಿ ಮಾತ್ರೆಗೆ ಬಂದ ಅಜ್ಜ, ಎಲ್ಲ ಒಂದೇ ಮೆಟ್ಟಿಲ ಮೇಲೆ. ಕ್ಯೂ ಅಂತ ಇಲ್ಲ, ಕೈ ಉದ್ದ ಇದ್ದವನಿಗೆ ಮೊದಲು. ಮಾಸ್ಕ್ ಹಾಕಿ ಅಂತ ಒಂದು ಚೀಟಿ ಅಂಟಿಸಿದ್ದಾರೆ, ಓದುವವರು ಯಾರೂ ಇಲ್ಲ. ಎರಡನೆಯದು, ಮಧ್ಯಾಹ್ನ ಅಕ್ಕ ಊಟಕ್ಕೆ ಹೋದಾಗ ಕೂರುವ ಹುಡುಗ. ಪಾಪದವನು, ಆದರೆ ಮದ್ದಿನ ವಿಷಯ ಅವನಿಗೆ ಗೊತ್ತಿಲ್ಲ, ಕೇಳಿದ್ದನ್ನು ತೆಗೆದು ಕೊಡುತ್ತಾನೆ ಅಷ್ಟೆ. ಮೇಲೆ ಹೇಳಿದ ಆ ಶೀತದ ಮಾತ್ರೆಯನ್ನು ಅವನು ನಗ್ತಾ ನಗ್ತಾ ಕೊಟ್ಟಾನು. ಒಂದರಿಂದ ಮೂರರ ತನಕ ಹೋಗಬೇಡಿ. ಕವರಿನ ಮೇಲೆ ಎಷ್ಟು ಹೊತ್ತಿಗೆ ಅಂತ ಕನ್ನಡದಲ್ಲಿ ಬರೆದು ಕೊಡುವುದೂ ಅಕ್ಕ ಇದ್ದಾಗ ಮಾತ್ರ, ಓದಲು ಬಾರದ ಅಜ್ಜಿಯರಿಗೆ ಸೂರ್ಯ, ಚಂದ್ರ ಬಿಡಿಸಿ ಕೊಡುತ್ತಾರೆ. ಹುಡುಗ ಬರೆದರೆ ಇಂಗ್ಲಿಷಿನಲ್ಲಿ ಒಂದು, ಸೊನ್ನೆ, ಒಂದು.

ಫ್ಲೂ ಲಸಿಕೆ ಇಲ್ಲಿ ಇಲ್ಲ. ವರ್ಷ ವರ್ಷ ಹಾಕಿಸಬೇಕಾದದ್ದು ಅದು, ವೈರಸ್ ಬದಲಾಗ್ತಾ ಇರ್ತದೆ. ಹಾಕಿಸಿದ ಮೇಲೆ ಕೆಲಸ ಮಾಡಲು ಎರಡು ವಾರ ಬೇಕು, ಹಾಗಾಗಿ ಮಳೆ ಸುರುವಾಗುವ ಮೊದಲೇ ಆಗಬೇಕು. ಅಕ್ಕ ಹೇಳುವ ಪ್ರಕಾರ ಈ ಕರೆಂಟನ್ನು ನಂಬಿ ಲಸಿಕೆ ಇಡಲು ಅವರಿಗೆ ಧೈರ್ಯ ಇಲ್ಲ, 2ರಿಂದ 8 ಡಿಗ್ರಿಯಲ್ಲೇ ಇರಬೇಕಲ್ಲ. ಅಪ್ಪನಿಗೆ ಬರುವ ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಹಾಕಿಸುವ ಅಂತ ಮಾತಾಗಿದೆ.

ಗೂಗಲ್ ಪೇ ಉಂಟು, ನೆಟ್‌ವರ್ಕ್ ಇದ್ದರೆ. ಬೈಕ್ ನಿಲ್ಲಿಸಲು ಎದುರಿನ ಅಡಿಕೆ ಅಂಗಡಿಯವರು ಏನೂ ಹೇಳುವುದಿಲ್ಲ. ಮಕ್ಕಳ ಫ್ಲೂ ಸಿರಪ್ ಇಟ್ಟುಕೊಂಡಿಲ್ಲ. ಬೇಕು ಅಂದರೆ ಫೋನ್ ಮಾಡಿ ಮರುದಿನಕ್ಕೆ ತರಿಸುತ್ತಾರೆ, ಆದರೆ ಆ ಮರುದಿನ ಭಾನುವಾರ ಆಗಿರಬಾರದು, ಅವತ್ತು ಅಂಗಡಿ ರಜೆ.